ನಡುವಿನ ದನಿ

ನ್ಯೂ ಆರ್ಲಿಯನ್ಸ್
14 ಅಕ್ಟೋಬರ್ 2013

ಸೆಲೆಸ್ಟ್,

ಕ್ಷೇಮಸಮಾಚಾರ ಆಮೇಲೆ. ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕ್ಷೇಮ ಕೇಳುವ ತಾಳ್ಮೆ ನನಗಿಲ್ಲ.

ನಮ್ಮ ಆಲ್ಬಮ್ ಬರುತ್ತಿದೆ. ಹ್ಯಾಸ್ಕಲ್ ಎನ್ನುವವನೊಬ್ಬ ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದಾನೆ, ಹಳೆಯ ಸ್ವಿಂಗ್ ಹಾಡುಗಳೆಂದರೆ ಅವನಿಗೆ ಪ್ರಾಣ. ಯುದ್ಧಕಾಲದಲ್ಲಿ ಜನ ಕುಣಿಯುತ್ತಿದ್ದ ಹನ್ನೆರಡು ಹಾಡುಗಳನ್ನು ನಮ್ಮ ಕೈಲಿ ಹಾಡಿಸಬೇಕಂತೆ, ಅದೂ ಆ ಕಾಲದ ಪದ್ಧತಿಯಲ್ಲೇ, ಮೂವರೂ ಒಂದೇ ಮೈಕಿನ ಸುತ್ತ ನಿಂತು. ಹೆಸರು 'ರೋಶೋನ್ ಸಹೋದರಿಯರು' ಎಂದೇ ಇರಲಿ ಎಂದ. ಅವನದು ಒಂದೇ ಷರತ್ತು, ಮೂರು ದನಿ ಬೇಕು. ನೀನು ಸನ್ಯಾಸಿನಿಯಾಗಿ ಮಠ ಸೇರಿದ ಮೇಲೆ ನಾನೂ ಮಿನೆಟ್‌ಳೂ ಇಬ್ಬರೇ ಹೇಗೋ ತಳ್ಳಿಕೊಂಡು ಬಂದೆವು. ಮೇಲಿನ ದನಿ ನನ್ನದು, ಕೆಳಗಿನದು ಅವಳದು, ನಡುವೆ ಖಾಲಿ. ಮದುವೆ ಮನೆಯಲ್ಲಿ, ಭಾನುವಾರ ಹೋಟೆಲಿನಲ್ಲಿ ಜನ ಮೊಟ್ಟೆ ತಿನ್ನುತ್ತಿರುವಾಗ ಅದನ್ನೆಲ್ಲ ಯಾರು ಗಮನಿಸುತ್ತಾರೆ? ಆಲ್ಬಮ್ಮಿನಲ್ಲಿ ಹಾಗಾಗುವುದಿಲ್ಲ.

ಹಾಗಾಗಿ ಒಬ್ಬಳನ್ನು ಹುಡುಕಿದ್ದೇವೆ. ಜೆರಿಲಿನ್ ಅಂತ, ನದಿಯಾಚೆಯವಳು, ಇಪ್ಪತ್ತನಾಲ್ಕರ ಹುಡುಗಿ. ಚಿಕ್ಕಪ್ಪನ ಮೀನಂಗಡಿಯಲ್ಲಿ ಕೆಲಸ. ಸ್ವರ ಬರೆದುಕೊಟ್ಟರೆ ನೋಡಿ ಹಾಡುತ್ತಾಳೆ. ನಿನ್ನ ದನಿಯನ್ನು ಬರೆದಿಟ್ಟವರು ಯಾರು? ಅದಿದ್ದದ್ದು ನಿನ್ನ ಗಂಟಲಿನಲ್ಲಿ, ಅದನ್ನು ನೀನು ತೆಗೆದುಕೊಂಡು ಹೋದೆ.

ನನಗೆ ಭಯವಾಗುತ್ತಿದೆ ಸೆಲೆಸ್ಟ್. ನಲವತ್ತಾರು ತುಂಬಿತು. ಇದು ಕೆಟ್ಟರೆ ಇನ್ನೊಂದು ಬರುವುದಿಲ್ಲ. ಗಂಟಲು ಕೆಡಬಾರದೆಂದು ಸಲೂನಿನಲ್ಲಿ ಮಾತನ್ನೇ ಬಿಟ್ಟಿದ್ದೇನೆ. ಕೂದಲು ಕತ್ತರಿಸಿಕೊಳ್ಳಲು ಬಂದವರು "ಒಡೀಲ್‌ಗೆ ನಮ್ಮೇಲೆ ಏನೋ ಸಿಟ್ಟು" ಎಂದು ಬೀದಿಯೆಲ್ಲ ಹೇಳಿಕೊಂಡು ಬರುತ್ತಿದ್ದಾರೆ. ಜೇನುನೀರು ಕುಡಿದು ಕುಡಿದು ಬಾಯಿಯೇ ಅಂಟುತ್ತದೆ.

ಆ ಹನ್ನೆರಡರಲ್ಲಿ ಕೊನೆ ಟ್ರಾಮಿನ ಹಾಡೂ ಇದೆ. ಅದರಲ್ಲಿ ನಾನು ಉದ್ದಕ್ಕೆ ಎಳೆಯುವ ಕಡೆ ನೀನು ಏನು ಮಾಡುತ್ತಿದ್ದೆ? ಅಷ್ಟನ್ನು ಬರೆದು ಕಳಿಸು. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲ ಬಂದರೆ ನಿಮ್ಮ ಮಠದ ಕಾಗದದ ಬಾಗಿಲು ಮುಚ್ಚುತ್ತದೆ, ಅದಕ್ಕೆ ಮೊದಲೇ ಬರೆ.

ಜೂನಿನಲ್ಲಿ ನಿನ್ನ ಕೊನೆಯ ವ್ರತ, ಆಮೇಲೆ ನೀನು ಮಠದವಳೇ ಎಂದು ಅಮ್ಮ ಹೇಳಿದಳು. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ನಿನ್ನ ಅಕ್ಕ,
ಒಡೀಲ್


ಮಠ
6 ನವೆಂಬರ್ 2013

ಪ್ರೀತಿಯ ಅಕ್ಕ,

ನಿನ್ನ ಕಾಗದ ಓದಿ ಒಬ್ಬಳೇ ನಕ್ಕೆ. ನೀನು ಮಾತು ಬಿಟ್ಟ ಸಲೂನನ್ನು ನನಗೆ ಊಹಿಸಲಿಕ್ಕೂ ಆಗಲಿಲ್ಲ. ಆಲ್ಬಮ್ಮಿನ ಸುದ್ದಿಗೆ ತುಂಬ ಸಂತೋಷವಾಯಿತು. ಮದರ್ ಊಟದ ಮನೆಯಲ್ಲಿ ಎಲ್ಲರಿಗೂ ಹೇಳಿದರು. ನಮ್ಮ ಹಿರಿಯ ಸಿಸ್ಟರ್ ಒಬ್ಬರು ಹುಡುಗಿಯಾಗಿದ್ದಾಗ ಈ ಹಾಡುಗಳಿಗೆ ಕುಣಿದು ಚಪ್ಪಲಿ ಹರಿದುಕೊಂಡವರಂತೆ. ಮೇಜಿನ ಕೆಳಗೆ ಅವರ ಕಾಲು ತಾಳ ಹಾಕಿದ್ದನ್ನು ನಾನು ನೋಡಿದೆ, ಮದರ್ ನೋಡಲಿಲ್ಲ.

ಈ ತಿಂಗಳು ನನಗೆ ಪೂಜೆಯ ರೊಟ್ಟಿ ಸುಡುವ ಕೆಲಸ. ಹಿಟ್ಟು ನೀರು ಎರಡೇ, ಆದರೂ ದಿನಕ್ಕೊಂದು ಹದ.

ಕೊನೆ ಟ್ರಾಮಿನ ಹಾಡಿನಲ್ಲಿ ನಾನು ಏನು ಮಾಡುತ್ತಿದ್ದೆ ಎಂದು ಕೇಳಿದ್ದೀ. ಬರೆದೆ, ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ಆ ಹುಡುಗಿಗೆ ನನ್ನ ಹಾಗೆ ಹಾಡು ಎನ್ನಬೇಡ ಅಕ್ಕ. ಅವಳ ಕಿವಿಗೆ ಸರಿ ಎನ್ನಿಸಿದ್ದನ್ನು ಅವಳು ಹಾಡಲಿ. ಮತ್ತೆ ನೀವು ಪಿಯಾನೋಗೆ ಹತ್ತಿರ ನಿಂತುಕೊಳ್ಳಿ. ನೀನಂತೂ ನಿಲ್ಲಲೇಬೇಕು.

ಇನ್ನೂ ಒಂದು ಮಾತಿದೆ. ಕಾಗದದಲ್ಲಿ ಬರೆಯುವಂಥದ್ದಲ್ಲ. ಎದುರಿಗಿದ್ದರೆ ಹೇಳುತ್ತಿದ್ದೆನೋ ಏನೋ, ಅದೂ ಗೊತ್ತಿಲ್ಲ.

ಅಮ್ಮನ ಮಂಡಿನೋವಿಗೆ ಪ್ರಾರ್ಥಿಸುತ್ತಿದ್ದೇನೆ. ಮೆಟ್ಟಿಲು ಹತ್ತಬೇಡ ಎಂದು ಅವಳಿಗೆ ನೀನೂ ಹೇಳು, ದೇವರೊಬ್ಬನ ಮೇಲೆ ಹಾಕಬೇಡ.

ನಿನ್ನ ತಂಗಿ,
ಸೆಲೆಸ್ಟ್


ನ್ಯೂ ಆರ್ಲಿಯನ್ಸ್
13 ಜನವರಿ 2014

ಸೆಲೆಸ್ಟ್,

ಸೋಮವಾರ. ಪದ್ಧತಿಯಂತೆ ಒಲೆಯ ಮೇಲೆ ಕೆಂಪು ಬೀನ್ಸ್ ಕಾಳು ಬೇಯುತ್ತಿದೆ, ಅಮ್ಮ ಸೌಟು ಹಿಡಿದು ಕಾವಲು ಕೂತಿದ್ದಾಳೆ. ನನಗೆ ವಾಸನೆ ಕೂಡ ಬೇಡವಾಗಿದೆ. ಎರಡು ವಾರದಿಂದ ಊಟ ಸೇರುತ್ತಿಲ್ಲ.

ರೆಕಾರ್ಡಿಂಗ್ ಶುರುವಾಯಿತು. ಪಿಯಾನೋದವನು, ಡ್ರಮ್ಮಿನವನು, ಬೇಸಿನವನು ಎಲ್ಲರೂ ಊರಿನ ಒಳ್ಳೆಯ ಕೈಗಳೇ. ನಾವು ಮೂವರು ಮೈಕಿನ ಸುತ್ತ. ಮೊದಲನೆಯ ಹಾಡು ಮುಗಿದ ಮೇಲೆ ಹ್ಯಾಸ್ಕಲ್ ಗಾಜಿನ ಆಚೆಯಿಂದ, "ಚೆನ್ನಾಗಿದೆ. ಆದ್ರೆ ನಡುವಿನ ದನಿ ಎದ್ದು ಕೇಳ್ತಿದೆ, ಬೆರೀತಿಲ್ಲ," ಎಂದ. ಎರಡನೆಯ ಸಲವೂ ಅದೇ. ಮೂರನೆಯ ಸಲ ನನಗೇ ಕೇಳಿಸಿತು. ನಾನೂ ಮಿನೆಟ್‌ಳೂ ಒಂದಾಗಿದ್ದೇವೆ, ಹುಡುಗಿ ಮಾತ್ರ ಮೇಲೆ ನಿಂತಿದ್ದಾಳೆ. ಶ್ರುತಿ ಏರಿಸುತ್ತಾಳೆ. ಅನ್ನದಲ್ಲಿ ಕಲ್ಲು ಸಿಕ್ಕಂತೆ ಹಲ್ಲು ಜುಮ್ಮೆನ್ನುತ್ತದೆ. ಹ್ಯಾಸ್ಕಲ್ ಮೂವರಿಗೂ ಬೇರೆ ಬೇರೆ ಮೈಕು ಕೊಟ್ಟು, ಅವಳೊಬ್ಬಳನ್ನು ಮೂಲೆಯಲ್ಲಿ ನಿಲ್ಲಿಸಿಯೂ ನೋಡಿದ.

ಆಗ ಅವಳು ಏನಂದಳು ಗೊತ್ತೇ? "ಮಿಸ್ ಒಡೀಲ್, ಒಂದ್ಸಲ ಪಿಯಾನೋ ಜೊತೆ ಒಬ್ಬೊಬ್ರೇ ನೋಡ್ಕೊಳ್ಳೋಣ್ವಾ?"

ನಾನೆಂದೆ, "ನಾವು ಅಕ್ಕತಂಗೀರು ನೀನು ಹುಟ್ಟಿ ಮಾತು ಕಲಿಯೋ ಹೊತ್ತಿಗೇ ಹಾಡ್ತಿದ್ವಿ."

"ಹೌದು ಮಿಸ್ ಒಡೀಲ್," ಎಂದಳು. ಅಷ್ಟೇ. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಅಳಲಿಲ್ಲ. ನೀರು ಕುಡಿದು ಬಂದು ನಿಂತಳು.

ಮನೆಗೆ ಬಂದು ಹೇಳಿದರೆ ಅಮ್ಮ, "ರಕ್ತ ಬೇರೆ ಕಣೇ. ಒಂದೇ ಬಸಿರಿಂದ ಬಂದ ದನಿಗೂ ಮೀನಂಗಡಿ ದನಿಗೂ ಎಲ್ಲಾದ್ರೂ ಜೊತೆಯಾಗತ್ತಾ?" ಎಂದು ಕಾಳು ತಿರುವಿದಳು. ಮಿನೆಟ್ ನನ್ನ ಕಡೆ ತಿರುಗಿದಳು. ಅವಳು ಯಾವಾಗಲೂ ನನ್ನ ಮುಖ ನೋಡಿಯೇ ಹೌದು ಅಲ್ಲ ಹೇಳುವವಳು.

ಮೂರು ಹಾಡು ಹಾಳಾಗಿವೆ. ಬೇಸಗೆಯೊಳಗೆ ಆಲ್ಬಮ್ ಬರಬೇಕು, ಇಲ್ಲದಿದ್ದರೆ ಹ್ಯಾಸ್ಕಲ್ ಬೇರೆಯವರನ್ನು ಹಿಡಿಯುತ್ತಾನೆ. ಬಾಯಿಬಿಟ್ಟು ಹೇಳಿಲ್ಲ, ಗಡಿಯಾರ ನೋಡುವ ರೀತಿಯಲ್ಲೇ ತಿಳಿಯುತ್ತದೆ. ಈ ಹುಡುಗಿ ಮುಳುಗಿಸುತ್ತಾಳೆ ಸೆಲೆಸ್ಟ್.

ಕಾಗದದಲ್ಲಿ ಬರೆಯುವಂಥದ್ದಲ್ಲ ಎಂದೆಯಲ್ಲ, ಯಾವ ಮಾತು ಅದು? ಆ ಸಾಲು ಬರೆಯದೇ ಇದ್ದಿದ್ದರೆ ಚೆನ್ನಾಗಿತ್ತು. ಈಗ ಅದೊಂದು ಬೇರೆ ತಲೆಯಲ್ಲಿ ಕೊರೆಯುತ್ತಿದೆ.

ಒಡೀಲ್


ಮಠ
2 ಫೆಬ್ರವರಿ 2014

ಪ್ರೀತಿಯ ಅಕ್ಕ,

ತಪಸ್ಸುಕಾಲದ ಉಪವಾಸ ಶುರುವಾಗುವ ಮೊದಲು ನನಗೆ ಇದೊಂದೇ ಕಾಗದ. ಆಮೇಲೆ ಈಸ್ಟರ್‌ವರೆಗೆ ನಾವು ಬರೆಯುವುದೂ ಇಲ್ಲ, ಬಂದದ್ದನ್ನು ಒಡೆಯುವುದೂ ಇಲ್ಲ. ನಿನಗೆ ಗೊತ್ತೇ ಇದೆ.

ಆ ಹುಡುಗಿ ಪಿಯಾನೋ ಕೇಳಿದ್ದು ಸೊಕ್ಕಿನಿಂದಲ್ಲ ಅಕ್ಕ. ಅವಳನ್ನು ಕಳಿಸಿಬಿಡುವ ಮೊದಲು ಅವಳು ಹೇಳಿದ ಹಾಗೆ ಮಾಡಿ. ಒಬ್ಬೊಬ್ಬರೇ ಹಾಡಿ. ಅವಳೊಬ್ಬಳೇ ಅಲ್ಲ, ಮೂವರೂ, ಒಬ್ಬೊಬ್ಬರೇ.

ಇದಕ್ಕಿಂತ ಬಿಡಿಸಿ ಬರೆಯುವ ಧೈರ್ಯ ನನಗಿಲ್ಲ. ನೀನು ಬಯ್ಯುತ್ತೀ ಎಂದು ಅಲ್ಲ. ಬಯ್ಯದೇ ಇದ್ದುಬಿಟ್ಟರೆ ಎಂದು.

ಊಟ ಮಾಡು. ದಯವಿಟ್ಟು ಊಟ ಮಾಡು.

ಸೆಲೆಸ್ಟ್


ನ್ಯೂ ಆರ್ಲಿಯನ್ಸ್
3 ಮಾರ್ಚ್ 2014

ಸೆಲೆಸ್ಟ್,

ನಾಳೆ ಮಾರ್ಡಿ ಗ್ರಾ, ಕಾರ್ನಿವಲ್‌ನ ಕೊನೆಯ ದಿನ, ಊರೆಲ್ಲ ಬೀದಿಯಲ್ಲಿರುತ್ತದೆ. ನಾಡಿದ್ದು ಹಣೆಗೆ ಬೂದಿ ಹಚ್ಚಿಸಿಕೊಂಡು ನೀವು ಬಾಗಿಲು ಹಾಕಿಕೊಳ್ಳುತ್ತೀರಿ. ಇದು ಅಷ್ಟರೊಳಗೆ ತಲುಪುವುದಿಲ್ಲ ಎಂದು ಗೊತ್ತಿದೆ. ಆದರೂ ತಲುಪಲಿ ಎಂದು ಬರೆಯುತ್ತಿದ್ದೇನೆ. ನಿಮ್ಮ ಅಂಚೆಯವನಿಗೆ ದೇವರು ರೆಕ್ಕೆ ಕೊಡಲಿ.

ನೀನು ಹೇಳಿದಂತೆ ಒಬ್ಬೊಬ್ಬರೇ ಹಾಡಿ ನೋಡಲಿಲ್ಲ. ಕೇಳಿದರೆ ಮಿನೆಟ್‌ಗೆ ಸಮಯವಿಲ್ಲ, ಹ್ಯಾಸ್ಕಲ್‌ಗೆ ತಾಳ್ಮೆಯಿಲ್ಲ ಎಂದು ಹೇಳಬಹುದು. ನನಗೇ ಬೇಡವಾಗಿತ್ತು. ಯಾಕೆ ಎಂದು ಕೇಳಬೇಡ. ಹುಡುಗಿಯನ್ನು ಬಿಟ್ಟುಬಿಟ್ಟೆವು. ಮಿನೆಟ್ ಕೈಲಿ ಫೋನ್ ಮಾಡಿಸಿದೆ, ನಾನು ಮಾಡಲಿಲ್ಲ.

ಅದು ಮಂಗಳವಾರದ ಮಾತು. ಗುರುವಾರ ಸ್ಟುಡಿಯೋದ ಬಾಗಿಲು ತಟ್ಟಿದ ಸದ್ದು. ತೆರೆದರೆ ಜೆರಿಲಿನ್, ಕೈಯಲ್ಲಿ ಕಾರ್ನಿವಲ್ ಕೇಕಿನ ದೊಡ್ಡ ಡಬ್ಬಿ. ಹಿಂದಿನ ವಾರ ಕೇಕಿನೊಳಗೆ ಅಡಗಿಸುವ ಪ್ಲಾಸ್ಟಿಕ್ ಮಗುವಿನ ಗೊಂಬೆ ಅವಳ ತುಂಡಿನಲ್ಲಿ ಸಿಕ್ಕಿತ್ತು. ಸಿಕ್ಕವರು ತಾನೇ ಮುಂದಿನ ಕೇಕು ತರಬೇಕು.

"ಮಿನೆಟ್ ಫೋನ್ ಮಾಡ್ಲಿಲ್ವಾ?" ಎಂದೆ.

"ಮಾಡಿದ್ರು. ಹಾಡೋಕೆ ಬರಬೇಡ ಅಂದ್ರು. ಕೇಕ್ ತರಬೇಡ ಅನ್ಲಿಲ್ವಲ್ಲ."

"ಅದೆಲ್ಲ ಬೇಕಿರ್ಲಿಲ್ಲ ಕಣಮ್ಮ."

"ಮಗು ನಂಗೆ ಸಿಕ್ಕಿದ್ದು ಮಿಸ್ ಒಡೀಲ್. ತರದೇ ಇದ್ರೆ ನಮ್ಮಮ್ಮ ನನ್ನ ಮನೆಗೆ ಸೇರಿಸಲ್ಲ. ನೀವು ನನ್ನ ಬಿಟ್ರೂ ವರ್ಷವಿಡೀ ದರಿದ್ರ ನನ್ನ ಬಿಡಲ್ಲ."

ಒಳಗೆ ಬಂದಳು. ಎಲ್ಲರಿಗೂ ಕೊಯ್ದು ಕೊಟ್ಟಳು. ಡ್ರಮ್ಮಿನವನು ನಾಚಿಕೆಯಿಲ್ಲದೆ ಮೂರು ತುಂಡು ತಿಂದ. ನನ್ನ ತುಂಡನ್ನು ನಾನು ಕಾಗದದಲ್ಲಿ ಸುತ್ತಿಟ್ಟೆ. ಅವಳು ಚಾಕು ತೊಳೆದು, ಡಬ್ಬಿ ಮುಚ್ಚಿ, "ಹ್ಯಾಪಿ ಮಾರ್ಡಿ ಗ್ರಾ" ಎಂದು ಹೋದಳು. ಬಯ್ದು ಹೋಗಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ಇನ್ನು, ನಿನ್ನ ವ್ರತದ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ ಎಂದಿದ್ದ ಮಾತು. ನೀನು ಬಾ ಸೆಲೆಸ್ಟ್. ಎರಡು ವಾರ ಸಾಕು. ಕೊನೆಯ ವ್ರತ ಆಗುವವರೆಗೆ ನಿನಗೆ ಹೊರಗೆ ಬರುವ ಸ್ವಾತಂತ್ರ್ಯವಿದೆ ಎಂದು ಫಾದರ್ ಹತ್ತಿರ ವಿಚಾರಿಸಿದ್ದೇನೆ. ಬಂದು ಹಾಡಿ ಹೋಗು. ಹೋಗದೇ ಇದ್ದರೂ ಯಾರೂ ಏನೂ ಅನ್ನುವುದಿಲ್ಲ. ನಿನ್ನ ಕೋಣೆಯಲ್ಲಿ ಅಮ್ಮ ಇಸ್ತ್ರಿ ಮೇಜು ಇಟ್ಟಿದ್ದಾಳೆ, ಅದನ್ನು ತೆಗೆದರಾಯಿತು.

ಇಷ್ಟು ಕೇಳಿದ್ದಕ್ಕೆ ದೇವರು ನನ್ನ ಮೇಲೆ ಸಿಟ್ಟಾಗಲಿ, ಪರವಾಗಿಲ್ಲ. ನೀನು ಸಿಟ್ಟಾಗಬೇಡ.

ನಿನ್ನ ಅಕ್ಕ,
ಒಡೀಲ್


ನ್ಯೂ ಆರ್ಲಿಯನ್ಸ್
21 ಮಾರ್ಚ್ 2014

ಸೆಲೆಸ್ಟ್,

ನಿಮ್ಮ ಮದರ್ ನನ್ನ ಹಿಂದಿನ ಕಾಗದವನ್ನು ಯಾವುದೋ ಬುಟ್ಟಿಯಲ್ಲಿ ಹಾಕಿಟ್ಟಿರುತ್ತಾರೆ. ಇದೂ ಅದರ ಮೇಲೆ ಬೀಳುತ್ತದೆ. ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದು ಬರೆಯುವುದು ಒಂದು ಲೆಕ್ಕಕ್ಕೆ ಸುಲಭ. ಹೆದರುವ ಕಾರಣವಿಲ್ಲ.

ನೀನು ಬರಲಿಲ್ಲವಲ್ಲ, ಮಿನೆಟ್‌ಳೇ ನಡುವಿನ ದನಿಯನ್ನೂ ಹಾಡಲಿ ಎಂದು ತೀರ್ಮಾನವಾಯಿತು. ಅವಳು ಬೇರೆ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಪಿಯಾನೋ ಒಂದನ್ನೇ ಕೇಳುತ್ತ ಹಾಡಿದಳು. ಹ್ಯಾಸ್ಕಲ್ ಅದನ್ನು ನಮ್ಮ ಹಾಡಿಗೆ ಸೇರಿಸಿ ಕೇಳಿಸಿದ.

ಅದೇ ಕಲ್ಲು, ಅದೇ ಜಾಗದಲ್ಲಿ. ಹುಡುಗಿ ಹೋಗಿದ್ದಾಳೆ, ಕಲ್ಲು ಹೋಗಿಲ್ಲ.

ನಾನು ಮಿನೆಟ್‌ಳನ್ನು ನೋಡಿದೆ. ಮಿನೆಟ್ ನೆಲ ನೋಡಿದಳು. ಹ್ಯಾಸ್ಕಲ್ ಕುರ್ಚಿಯಲ್ಲಿ ನನ್ನ ಕಡೆ ತಿರುಗಿ, "ಮಿಸ್ ಒಡೀಲ್, ನಿಮ್ಮದೊಂದನ್ನೇ ಪಿಯಾನೋ ಜೊತೆ ಹಾಕ್ಲಾ?" ಎಂದ. ಹಾಕು ಎಂದೆ.

ಸಾಲಿನ ಮೊದಲಿಗೆ ಸರಿಯಾಗಿಯೇ ಇದ್ದೆ. ಉದ್ದಕ್ಕೆ ಎಳೆಯುವ ಕಡೆ ಶ್ರುತಿಯಿಂದ ಮೆಲ್ಲಗೆ ಇಳಿಯುತ್ತ ಹೋದೆ, ಬಸ್ಸಿನಲ್ಲಿ ತೂಕಡಿಸುವವಳ ತಲೆ ವಾಲಿದ ಹಾಗೆ. ಪ್ರತಿ ಸಾಲಿನಲ್ಲೂ, ಪ್ರತಿ ಹಾಡಿನಲ್ಲೂ. ಆಮೇಲೆ ಜೆರಿಲಿನ್‌ದನ್ನು ಹಾಕಿ ಎಂದು ನಾನೇ ಕೇಳಿದೆ. ಅವಳು ಪಿಯಾನೋ ಬಿಟ್ಟು ಕೂದಲೆಳೆಯಷ್ಟೂ ಅಲ್ಲಾಡಿರಲಿಲ್ಲ.

ಮಿನೆಟ್ ಆಗ ಬಾಯಿಬಿಟ್ಟಳು. "ಒಟ್ಟಿಗೆ ಹಾಡೋವಾಗ ನಾನು ಪಿಯಾನೋ ಕೇಳಿ ಹಾಡಲ್ಲ ಅಕ್ಕ. ನಿನ್ನ ಕೇಳಿ ಹಾಡ್ತೀನಿ. ನೀನೆಲ್ಲಿಗೆ ಹೋದ್ರೆ ನಾನೂ ಅಲ್ಲಿಗೆ."

ತಪ್ಪಿದವರು ಇಬ್ಬರು, ಒಂದೇ ಬಸಿರಿನ ದನಿ, ಒಟ್ಟಿಗೆ ತಪ್ಪಿದೆವು. ಅದು ಸರಿ ಎಂದೇ ಕೇಳಿಸಿತು. ಸರಿಯಿದ್ದವಳು ಒಬ್ಬಳು, ಅವಳು ತಪ್ಪಾಗಿ ಕಂಡಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲವನ್ನೇ ಕಿತ್ತು ಹೊರಗೆ ಹಾಕಿದೆ.

ಮನೆಗೆ ಬಂದು, ನೀನಿದ್ದಾಗ ಹೋಟೆಲಿನಲ್ಲಿ ಹಾಡಿದ ಹಳೆಯ ಟೇಪು ಹುಡುಕಿ ಹಾಕಿದೆ. ಅದರಲ್ಲಿ ನಾನು ಇಳಿದಿಲ್ಲ. ಮೊದಲು ಸಮಾಧಾನವಾಯಿತು, ವಯಸ್ಸಾಯಿತು, ಗಂಟಲು ಈಗ ಕೆಟ್ಟಿದೆ ಎಂದುಕೊಂಡೆ. ಮತ್ತೆ ಹಾಕಿದೆ. ಈ ಸಲ ನಿನ್ನನ್ನು ಕೇಳಿದೆ. ಇಷ್ಟು ವರ್ಷದಲ್ಲಿ ನಿನ್ನ ದನಿಯನ್ನು ಅದೇ ಮೊದಲ ಸಲ ಕೇಳಿದ್ದು, ನಿಜ ಹೇಳುತ್ತಿದ್ದೇನೆ. ನಾನು ಜಾರಬೇಕು ಎನ್ನುವಷ್ಟರಲ್ಲಿ ನೀನು ಒಂದಿಷ್ಟೇ ಇಷ್ಟು ಮೇಲೆ ಹೋಗುತ್ತೀ. ನಾನು ನಿನ್ನ ಬೆನ್ನು ಹಿಡಿದು ಏರುತ್ತೇನೆ. ಪ್ರತಿ ಸಾಲಿನಲ್ಲೂ.

ನಿನಗೆ ಗೊತ್ತಿತ್ತು. ಕಾಗದದಲ್ಲಿ ಬರೆಯುವಂಥದ್ದಲ್ಲ ಎಂದದ್ದು ಇದೇ. ಜನ ನನ್ನ ದನಿಯನ್ನು ಹೊಗಳುವಾಗ ನೀನು ಪಕ್ಕದಲ್ಲಿ ನಿಂತು ನಗುತ್ತಿದ್ದೆ. ಏನೆಂದುಕೊಂಡು ನಗುತ್ತಿದ್ದೆ? ನನ್ನನ್ನು ಕುರುಡಿಯನ್ನು ರಸ್ತೆ ದಾಟಿಸಿದಂತೆ ದಾಟಿಸಿ, ಒಂದು ದಿನವೂ ಹೇಳಲಿಲ್ಲವಲ್ಲ. ಕೋಪ ಬಂದಿದೆ ನನಗೆ. ತುಂಬ ಕೋಪ ಬಂದಿದೆ.

ಇನ್ನೊಂದನ್ನು ಕೇಳಬೇಕು. ನೀನು ಓದುತ್ತಿಲ್ಲ ಎಂಬ ಧೈರ್ಯದಲ್ಲಿ ಕೇಳುತ್ತೇನೆ. ನೀನು ಹೊರಟುಹೋದದ್ದು ಇದಕ್ಕೇನಾ? ನನ್ನನ್ನು ಎತ್ತಿ ಎತ್ತಿ ಸಾಕಾಗಿ? ದೇವರು ಕರೆದ ಎಂದು ನೀನು ಅಂದೆ, ನಾವು ನಂಬಿದೆವು. ದೇವರು ಕರೆದನೋ, ನಾನು ಅಟ್ಟಿದೆನೋ?

ಒಡೀಲ್


ನ್ಯೂ ಆರ್ಲಿಯನ್ಸ್
5 ಏಪ್ರಿಲ್ 2014

ಸೆಲೆಸ್ಟ್,

ನಿನ್ನೆ ನದಿ ದಾಟಿ ಜೆರಿಲಿನ್‌ಳ ಚಿಕ್ಕಪ್ಪನ ಅಂಗಡಿಗೆ ಹೋದೆ. ಬುದ್ಧಿಗೇಡಿ ನಾನು, ಹೋಗಿ ಹೋಗಿ ತಪಸ್ಸುಕಾಲದ ಶುಕ್ರವಾರ ಹೋದೆ. ಮಾಂಸ ಬಿಟ್ಟವರೆಲ್ಲ ಬೇಯಿಸಿದ, ಸಿಗಡಿಯಂಥ ಕ್ರಾಫಿಶ್‌ಗೆ ಸಾಲು ನಿಂತಿದ್ದರು, ಸಾಲು ಪೆಟ್ರೋಲ್ ಬಂಕಿನವರೆಗೆ ಬೆಳೆದಿತ್ತು. ಮುಂದೆ ನುಗ್ಗಿದರೆ ಬಡಿಯುತ್ತಾರೆ. ನಿಂತೆ. ನಿಂತಷ್ಟು ಹೊತ್ತೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಅವಳ ಎದುರಿಗೆ ಬಂದಾಗ ಒಂದಕ್ಷರ ನೆನಪಿರಲಿಲ್ಲ.

"ಎಷ್ಟು ಪೌಂಡು, ಮಿಸ್ ಒಡೀಲ್?" ಎಂದಳು. ಕೈಗೆ ಮೊಣಕೈವರೆಗೆ ರಬ್ಬರ್ ಗವಸು, ಮುಖಕ್ಕೆ ಕುದಿಯುವ ಹಂಡೆಯ ಹಬೆ.

"ನೀನು ಸರಿಯಾಗಿದ್ದೆ. ನಾನು ಇಳೀತಿದ್ದೆ," ಎಂದೆ.

"ಗೊತ್ತು. ಎಷ್ಟು ಪೌಂಡು?"

"ಗೊತ್ತಿತ್ತಾ? ಮತ್ತೆ ಹೇಳ್ಲಿಲ್ಲ ಯಾಕೆ?"

"ಪಿಯಾನೋ ಜೊತೆ ನೋಡೋಣ ಅಂದೆನಲ್ಲ. ಅದಕ್ಕಿಂತ ಹೆಚ್ಚು ಹೇಳೋಕೆ ನಾನ್ಯಾರು? ನೀವು ಅಕ್ಕತಂಗೀರು."

ಹಿಂದೆ ನಿಂತಿದ್ದ ದಪ್ಪ ಹೆಂಗಸು, "ಬೇಬಿ, ತಪ್ಪೊಪ್ಪಿಗೆ ಚರ್ಚಲ್ಲಿ ಇಟ್ಕೋ, ಇಲ್ಲಿ ನಮಗೆ ಹಸಿವಾಗ್ತಿದೆ," ಎಂದಳು. ಸಾಲಿಗೆ ಸಾಲೇ ನಕ್ಕಿತು. ಜೆರಿಲಿನ್‌ಳೂ ನಕ್ಕಳು. ಆ ನಗು ಸಿಕ್ಕಿದ್ದೇ ತಡ, ವಾಪಸ್ ಬಾ ಎಂದು ಕೇಳಿಬಿಟ್ಟೆ.

ಅವಳು ಗವಸು ತೆಗೆದು ಪಕ್ಕಕ್ಕೆ ಬಂದಳು. "ಎರಡು ಮಾತು ಮಿಸ್ ಒಡೀಲ್. ನಾನು ರೋಶೋನ್ ಅಲ್ಲ. ಆಲ್ಬಮ್ಮಿನ ರಟ್ಟಿನ ಮೇಲೆ ನನ್ನ ಹೆಸರು ಬೇರೆಯಾಗಿ ಬರಬೇಕು. ಇನ್ನೊಂದು, ನಾನು ನಿಮ್ಮ ಜೊತೆ ಇಳಿಯೋದೂ ಇಲ್ಲ, ನಿಮ್ಮನ್ನ ಎಳೆಯೋದೂ ಇಲ್ಲ. ನನ್ನ ಜಾಗದಲ್ಲಿ ನಾನಿರ್ತೀನಿ. ನೀವು ನಿಮ್ಮ ಜಾಗದಲ್ಲಿ ಇರೋದು ಕಲೀಬೇಕು."

"ಈ ವಯಸ್ಸಲ್ಲಾ?"

"ಇಳಿದಾಗ ಮೊಣಕೈಗೆ ಚಿವುಟ್ತೀನಿ," ಎಂದಳು. ತಮಾಷೆ ಎಂದುಕೊಂಡೆ.

ಐದು ಪೌಂಡ್ ಕ್ರಾಫಿಶ್ ಹೊತ್ತುಕೊಂಡು ಮನೆಗೆ ಬಂದೆ. ಅಮ್ಮನಿಗೆ ವಿಷಯ ಹೇಳಿದೆ. ಒಂದನ್ನು ಸುಲಿದು ಬಾಯಿಗೆ ಹಾಕಿಕೊಂಡು, "ಮೀನಂಗಡಿ ದನಿ ಚೆನ್ನಾಗೇ ಬೆಂದಿದೆ," ಎಂದಳು. ಅವಳ ಕ್ಷಮಾಪಣೆ ಯಾವತ್ತೂ ಅಷ್ಟೇ.

ಕೋಪ ಇಳಿದಿಲ್ಲ. ಹೆದರಿಕೆಯೂ ಹೋಗಿಲ್ಲ. ಕಲಿಯಲು ನನಗಾಗದಿದ್ದರೆ? ಹೆಡ್‌ಫೋನಿನಲ್ಲಿ ನನ್ನ ದನಿ ಬರುವ ಮೊದಲೇ ಅದನ್ನು ಕಿತ್ತಿಡುತ್ತೇನೆ. ಹಾಡುವಾಗ ನನ್ನನ್ನು ನಾನು ಕೇಳಿಕೊಳ್ಳುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ.

ಒಡೀಲ್


ಮಠ
23 ಏಪ್ರಿಲ್ 2014

ಪ್ರೀತಿಯ ಅಕ್ಕ,

ಕ್ರಿಸ್ತನು ಎದ್ದಿದ್ದಾನೆ. ನಿನ್ನ ಮೂರು ಕಾಗದ ಈಸ್ಟರಿನ ಮರುದಿನ ಒಟ್ಟಿಗೆ ಕೈಗೆ ಬಂದವು.

ತಾರೀಖಿನ ಪ್ರಕಾರ ಓದಿದೆ. ಮೊದಲನೆಯದರಲ್ಲಿ ಬಾ ಎಂದಿದ್ದೆ. ಓದಿ ಮುಗಿಸಿದಾಗ ನಾನು ಎದ್ದು ನಿಂತಿದ್ದೆ ಅಕ್ಕ, ಮದರ್ ಕೋಣೆಯ ಬಾಗಿಲವರೆಗೂ ಹೋಗಿದ್ದೆ. ಏನು ಕೇಳಲು ಹೋದೆನೋ ನನಗೇ ಸ್ಪಷ್ಟವಿರಲಿಲ್ಲ. ಮದರ್ ತೋಟದಲ್ಲಿದ್ದರು. ವಾಪಸ್ ಬಂದು ಎರಡನೆಯದನ್ನು ಒಡೆದೆ. ಆ ಕಾಗದ ಬೂದಿ ಬುಧವಾರಕ್ಕೆ ಮೊದಲು ಬಂದಿದ್ದರೆ ನಾನು ಇಷ್ಟು ಹೊತ್ತಿಗೆ ಎಲ್ಲಿರುತ್ತಿದ್ದೆನೋ.

ಗೊತ್ತಿತ್ತು. ಯಾವಾಗಿನಿಂದ ಎಂದು ಹೇಳಲಾರೆ. ಮೊದಲು ನಿನ್ನ ಮೇಲಿನ ಪ್ರೀತಿಗೆ ಮಾಡಿದೆ. ಆಮೇಲೆ ಅಭ್ಯಾಸವಾಯಿತು. ಆಮೇಲೆ ಅದರಲ್ಲಿ ಸ್ವಲ್ಪ ಜಂಬವೂ ಸೇರಿತು. ಜನ ನಿನ್ನನ್ನು ಹೊಗಳುವಾಗ ಇದರಲ್ಲಿ ನನ್ನ ಪಾಲೂ ಇದೆ, ನಿಮಗೆ ಗೊತ್ತಿಲ್ಲ ಎಂದು ಒಳಗೊಳಗೇ ಬೀಗುತ್ತಿದ್ದೆ. ನಾನು ನಗುತ್ತಿದ್ದದ್ದು ಅದಕ್ಕೆ. ಕೇಳಿದೆಯಲ್ಲ, ಹೇಳಿದೆ. ನಿನ್ನ ಹಿರಿತನಕ್ಕೆ ನೋವಾಗಬಾರದೆಂದು ಸುಮ್ಮನಿದ್ದೆ ಎಂದುಕೊಂಡಿದ್ದೆ, ಆ ಸುಮ್ಮನಿದ್ದದ್ದರ ಬೆಲೆಯನ್ನು ಏನೂ ಅರಿಯದ ಆ ಹುಡುಗಿ ತೆತ್ತಳು. ನನ್ನ ಪರವಾಗಿ ಅವಳಲ್ಲಿ ಕ್ಷಮೆ ಕೇಳು.

ನೀನು ಬಯ್ದೆ. ನನಗೆ ನಿದ್ದೆ ಬಂತು.

ನಿನ್ನ ಕೊನೆಯ ಪ್ರಶ್ನೆಗೂ ಉತ್ತರ ಬರೆಯಲು ಕೂತೆ. ಒಂದು ಸಲ ಹೌದು ಎಂದು ಬಂತು, ಒಂದು ಸಲ ಅಲ್ಲ ಎಂದು ಬಂತು. ಎರಡನ್ನೂ ಕಳಿಸುವುದಿಲ್ಲ.

ಜೂನ್ ಹದಿನಾಲ್ಕಕ್ಕೆ ಎಲ್ಲರೂ ಬನ್ನಿ. ಆ ಹುಡುಗಿಯನ್ನೂ ಕರೆದುಕೊಂಡು ಬಾ.

ನಿನ್ನ ತಂಗಿ,
ಸೆಲೆಸ್ಟ್


ನ್ಯೂ ಆರ್ಲಿಯನ್ಸ್
16 ಜೂನ್ 2014

ಸೆಲೆಸ್ಟ್,

ಜಾಲರಿಯ ಆಚೆ ನೀನು, ಈಚೆ ನಾವು. ಸಿಹಿ ಹಂಚುವ ಗಲಾಟೆಯಲ್ಲಿ ಏನೂ ಮಾತಾಡಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಆಲ್ಬಮ್ ನಿನ್ನ ಕೈಯಲ್ಲೇ ಇಟ್ಟೆನಲ್ಲ. ಮಠದಲ್ಲಿ ಹಾಕಿ ಕೇಳಲು ಮದರ್ ಬಿಡುತ್ತಾರೋ ಇಲ್ಲವೋ, ಚಪ್ಪಲಿ ಹರಿದುಕೊಂಡ ಆ ಸಿಸ್ಟರನ್ನು ಮುಂದೆ ಬಿಟ್ಟು ಕೇಳಿಸು. ರಟ್ಟಿನ ಮೇಲೆ 'ರೋಶೋನ್ ಸಹೋದರಿಯರು' ಎಂದಿದೆ, ಅದರ ಪಕ್ಕದಲ್ಲಿ ಅಷ್ಟೇ ದೊಡ್ಡ ಅಕ್ಷರದಲ್ಲಿ ಜೆರಿಲಿನ್ ಹೆಸರಿದೆ. ಅಳತೆಪಟ್ಟಿ ಇಟ್ಟು ನೋಡಿದಳು, ಕಳ್ಳಿ. ಚಿವುಟುವುದೂ ತಮಾಷೆಯಾಗಿರಲಿಲ್ಲ. ಮೇ ತಿಂಗಳಿಡೀ ನನ್ನ ಮೊಣಕೈ ನೀಲಿಗಟ್ಟಿತ್ತು. ಸಲೂನಿನಲ್ಲಿ ಯಾರು ಹೊಡೆದರು ಎಂದು ಕೇಳುತ್ತಿದ್ದರು. ಕಡೆಯ ನಾಲ್ಕು ಹಾಡಿನಲ್ಲಿ ಚಿವುಟಲಿಲ್ಲ. ಒಂದೆರಡು ಕಡೆ ನಾನು ಇಳಿದೇ ಇದ್ದೇನೆ, ಹ್ಯಾಸ್ಕಲ್ ಸರಿ ಮಾಡಲೇ ಎಂದ, ಬಿಡು ಎಂದೆ. ಒಂದು ರೇಡಿಯೋದವರು ಎರಡು ಸಲ ಹಾಕಿದರು. ಲೋಕವೇನೂ ತಲೆಕೆಳಗಾಗಲಿಲ್ಲ. ಆದರೆ ನನ್ನ ದನಿಯನ್ನು ಕೇಳಿದಾಗ ಈಗ ಅದು ನನ್ನದೇ ಎನ್ನಿಸುತ್ತದೆ.

ಇನ್ನು ಶನಿವಾರದ ಮಾತು.

ನಿನ್ನನ್ನು ನೋಡಿ ಅಮ್ಮ ಆಗಲೇ ಕರವಸ್ತ್ರ ತೆಗೆದಿದ್ದಳು. ಮಿನೆಟ್ ಅವಳ ಕೈ ಹಿಡಿದಿದ್ದಳು. ನಾನು ಗಟ್ಟಿಯಾಗಿ ಕೂತಿದ್ದೆ, ನಿಜ ಹೇಳಬೇಕೆಂದರೆ ಒಳಗೆ ಇನ್ನೂ ಲೆಕ್ಕ ಹಾಕುತ್ತಿದ್ದೆ, ಇವಳನ್ನು ನಾನೇ ಇಲ್ಲಿಗೆ ಕಳಿಸಿದೆನಾ ಎಂದು. ವ್ರತಕ್ಕೆಂದು ನೀನು ನೆಲದ ಮೇಲೆ ಬೋರಲು ಮಲಗಿದಾಗ ಎದ್ದು ಓಡಿಹೋಗಬೇಕು ಎನ್ನಿಸಿತು.

ಆಮೇಲೆ ನೀವೆಲ್ಲ ಎದ್ದು ಕೀರ್ತನೆ ಹಾಡಿದಿರಿ. ಆರ್ಗನ್ ಇಲ್ಲ, ಏನೂ ಇಲ್ಲ, ಬರೀ ದನಿ, ಎಲ್ಲರದೂ ಒಂದೇ ಸಾಲು. ಇಪ್ಪತ್ತು ಜನರಲ್ಲೂ ನಿನ್ನ ದನಿಯನ್ನು ಹಿಡಿದೆ. ಕೇಳುವುದನ್ನು ಈ ವರ್ಷ ಕಲಿತಿದ್ದೇನಲ್ಲ. ಮೊದಲು ಚೆನ್ನಾಗಿತ್ತು. ಆಮೇಲೆ ನಿಮ್ಮ ವಯಸ್ಸಾದ ಸಿಸ್ಟರುಗಳು ಮೆಲ್ಲಗೆ ಇಳಿಯಲು ಶುರುಮಾಡಿದರು. ಪಕ್ಕದವರೂ ಇಳಿದರು. ಜೆರಿಲಿನ್ ನನ್ನ ಕಡೆ ಬಾಗಿ, "ಇಳೀತಿದಾರೆ," ಎಂದಳು. ಈಗ ಇವಳು ಎತ್ತುತ್ತಾಳೆ, ಇದೇ ಜಾಗದಲ್ಲಿ ಒಂದಿಷ್ಟು ಮೇಲೆ ಹೋಗುತ್ತಾಳೆ, ಇವರೆಲ್ಲ ಇವಳ ಬೆನ್ನು ಹಿಡಿದು ಏರುತ್ತಾರೆ ಎಂದು ಕಾದೆ.

ನೀನು ಎತ್ತಲಿಲ್ಲ. ಅವರ ಜೊತೆ ನೀನೂ ಇಳಿದೆ. ಯಾವ ಅವಸರವೂ ಇಲ್ಲದೆ, ಕಣ್ಣು ಮುಚ್ಚಿಕೊಂಡು, ನಿದ್ದೆಗೆ ಜಾರುವ ಮಗುವಿನ ಹಾಗೆ ಇಳಿಯುತ್ತ ಹೋದೆ.

ಜೆರಿಲಿನ್ ಮತ್ತೆ ನನ್ನ ಮೊಣಕೈ ಮುಟ್ಟಿದಳು. "ಮಿಸ್ ಒಡೀಲ್, ನಿಮ್ಮ ತಂಗೀನೂ ಇಳೀತಿದಾರೆ."

"ಇಳೀಲಿ ಬಿಡು," ಎಂದೆ. "ಇಷ್ಟು ವರ್ಷ ನನ್ನ ಎತ್ತಿದ್ದಾಳೆ. ಪಾಪ, ಇಳೀಲಿ."

ಆಮೇಲೆ ಅತ್ತೆ. ಸಂತೋಷಕ್ಕೆ ಅಳುತ್ತಿದ್ದೇನೆ ಎಂದುಕೊಂಡು ಅಮ್ಮ ಬೆನ್ನು ಸವರಿದಳು.

ನಿನ್ನ ಅಕ್ಕ,
ಒಡೀಲ್